ಕೊಡದ ಚೆಂಡು

ಮ್ಯಾನೇಜರ್ ಡಚ್ ಹ್ಯಾನ್ರಟಿ ಮೈದಾನದ ನಡುವಿನ ಎಸೆತದ ದಿಬ್ಬ ಹತ್ತಿ ಬಂದು ಕೈ ಚಾಚಿದ. ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಹಾಗೆ ಕೈ ಚಾಚಿದನೆಂದರೆ ಚೆಂಡೆಸೆಯುವ ಪಿಚರ್ ಅದನ್ನು ಅವನ ಅಂಗೈಯಲ್ಲಿಟ್ಟು ತಲೆ ತಗ್ಗಿಸಿ ಹೊರನಡೆಯಬೇಕು. ಲೆಮ್ ಪ್ರೂಯಿಟ್ ಚೆಂಡನ್ನು ಬೆನ್ನ ಹಿಂದಕ್ಕೆ ಸರಿಸಿದ.

"ನೂರಾ ನಲವತ್ತು ಎಸೆತ ಆಯ್ತು ಮಾರಾಯ. ತೋಳು ಜೋತುಬಿದ್ದಿದೆ. ಕೊಡು."

"ಒಬ್ಬನೇ ಉಳಿದಿರೋದು ಡಚ್. ಅವನನ್ನ ಮನೆಗೆ ಕಳಿಸಿ ನಾನೂ ಹೋಗ್ತೀನಿ."

ಆ ವರ್ಷದ ಕೊನೆಯ ಪಂದ್ಯ, ಅದರ ಕೊನೆಯದಾದ ಒಂಬತ್ತನೇ ಇನಿಂಗ್ಸ್. ಲೆಮ್ ತಂಡಕ್ಕೆ ಒಂದೇ ರನ್ನಿನ ಮುನ್ನಡೆ. ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಗೆಲುವು; ಆದರೆ ಮೂರನೇ ಬೇಸಿನಲ್ಲಿ ಎದುರಾಳಿಯೊಬ್ಬ ಓಡಿಬಂದು ರನ್ ಗಳಿಸಲು ಹೊಂಚುಹಾಕಿ ನಿಂತಿದ್ದ. ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ಒಬ್ಬನೇ ಎಸೆದು ಮುಗಿಸಿದ ಪಂದ್ಯಗಳು ಲೆಮ್ ಹೆಸರಿನಲ್ಲಿ ಹತ್ತೊಂಬತ್ತು. ಲೀಗಿನಲ್ಲಿ ಇನ್ನೊಬ್ಬನಿಗೂ ಅಷ್ಟೇ. ಇದೊಂದು ಮುಗಿಸಿದರೆ ಲೆಮ್ ಒಬ್ಬನೇ ಮೇಲೆ. ಮೂವತ್ತೊಂಬತ್ತರ ಅವನಿಗೆ ಮುಂದಿನ ವರ್ಷ ತಂಡದಲ್ಲಿ ಜಾಗವಿಲ್ಲವೆಂದು ಬೆಳಿಗ್ಗೆಯೇ ಹೇಳಿಯಾಗಿತ್ತು.

"ಇವನೊಬ್ಬ. ಅಷ್ಟೇ," ಎಂದು ಬೆರಳೆತ್ತಿ ತೋರಿಸಿ ಡಚ್ ಬೆಂಚಿಗೆ ಮರಳಿದ.

ಮೊದಲ ಎಸೆತ ಬ್ಯಾಟರನ ತಲೆಯ ಮೇಲಿಂದ ಹೋಯಿತು. ಎರಡನೆಯದು ಅವನ ಕಾಲಬುಡದ ಮಣ್ಣು ಕೆದರಿತು. ಡಚ್ ಮತ್ತೆ ಎದ್ದು ಬಂದ. ಅಂಪೈರ್ ಗೆರೆಯ ಬಳಿಯೇ ತಡೆದ. "ಅದೇ ಬ್ಯಾಟರ್ ನಿಂತಿರೋವಾಗ ಎರಡನೇ ಸಲ ದಿಬ್ಬಕ್ಕೆ ಹೋಗಂಗಿಲ್ಲ. ಪಿಚರ್ ಬದಲಾಯಿಸ್ಬೇಕಾದ್ರೆ ಇಲ್ಲಿಂದ್ಲೇ ಹೇಳು."

ಹೇಳಲು ಡಚ್ ಬಾಯಿ ತೆರೆದ. ಲೆಮ್ ಬಿಡಲಿಲ್ಲ.

"ಏನ್ ಡಚ್, ಹನ್ನೊಂದು ವರ್ಷ ನೀನೂ ಪಿಚರ್ ಆಗಿದ್ಯಲ್ಲ!" ಇಡೀ ಗ್ಯಾಲರಿಗೆ ಕೇಳುವಂತೆ ಕೂಗಿದ. "ಒಂದಾದ್ರೂ ಪಂದ್ಯ ಮುಗಿಸಿದ್ಯಾ? ಏಳನೇ ಇನಿಂಗ್ಸ್ ಬಂದ್ರೆ ಸಾಕು, ಅಮ್ಮ ಊಟಕ್ಕೆ ಕರೆದ್ಲು ಅಂತ ಓಡ್ತಿದ್ಯಂತೆ! ಚೆಂಡು ಬೇಕಾ? ಬಾ, ಕಿತ್ಕೋ!"

ಕಡಲೆಕಾಯಿ ಸುಲಿಯುತ್ತಿದ್ದ ಗ್ಯಾಲರಿ ಗೊಳ್ಳೆಂದಿತು. ಡಚ್‌ನ ಕತ್ತು ಕೆಂಪೇರಿತು. ಅಂಪೈರನನ್ನು ದಾಟಿ ದಿಬ್ಬಕ್ಕೆ ನುಗ್ಗಿಯೇಬಿಟ್ಟ. ಅಂಪೈರ್ ತೋಳು ಬೀಸಿ ಅವನನ್ನು ಮೈದಾನದಿಂದಲೇ ಹೊರಹಾಕಿದ. "ಇನ್ನು ಈ ಬ್ಯಾಟರ್ ಮುಗಿಯೋವರೆಗೂ ಲೆಮ್ಮೇ ಎಸೀಬೇಕು. ನಿಯಮ ಅಂದ್ರೆ ನಿಯಮ."

ಬ್ಯಾಟರನ ಹಿಂದೆ ಕೂತು ಎಸೆತ ಹಿಡಿಯುವ ಕ್ಯಾಚರ್ ಔರೆಲಿಯೋ ಓಡಿಬಂದ. "ಗೊತ್ತಿದ್ದೇ ಕೆಣಕಿದ್ಯಾ, ಮುದುಕಾ?"

"ನಾಲ್ಕು ದಿನಕ್ಕೊಂದು ಸಲ ಎಸೆಯೋನು ನಾನು. ಉಳಿದ ಮೂರು ದಿನ ಬೆಂಚಲ್ಲಿ ಕೂತು ಏನು ಓದ್ತೀನಿ ಅಂದ್ಕೊಂಡೆ? ಹೋಗು, ನಿನ್ನ ಜಾಗದಲ್ಲಿ ಕೂತ್ಕೋ."

ಮೂರನೇ ಎಸೆತ. ಬ್ಯಾಟಿನ ಅಂಚಿಗೆ ತಗುಲಿದ ಚೆಂಡು ಪುಟಿಯುತ್ತ ಲೆಮ್‌ನತ್ತಲೇ ಬಂತು. ಹಿಡಿದ. ಬ್ಯಾಟರ್ ಮೊದಲ ಬೇಸಿನತ್ತ ದೌಡಾಯಿಸುತ್ತಿದ್ದ. ಚೆಂಡು ಹಿಡಿದವನು ಅವನಿಗಿಂತ ಮೊದಲು ಆ ಬೇಸನ್ನು ತುಳಿದರೆ ಅವನು ಔಟ್; ಅಲ್ಲಿ ನಿಂತ ಜೊತೆಗಾರನಿಗೆ ಚೆಂಡು ತಲುಪಿದರೆ ಪಂದ್ಯ ಮುಗಿದಂತೆ. ಅವನು ಕೈಗವಸು ಚಾಚಿ "ಎಸಿ! ಎಸಿಯೋ!" ಎಂದು ಅರಚುತ್ತಿದ್ದ.

ಲೆಮ್ ಎಸೆಯಲಿಲ್ಲ. ಚೆಂಡನ್ನು ಎದೆಗವಚಿಕೊಂಡು, ಸವೆದ ಮೊಣಕಾಲುಗಳನ್ನೇ ನಂಬಿ ಓಡಿದ. ಜೊತೆಗಾರನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಬ್ಯಾಟರನಿಗಿಂತ ಒಂದು ಹೆಜ್ಜೆ ಮೊದಲು, ತಾನೇ ಬೇಸನ್ನು ತುಳಿದ.