ಒಂದು ತಾಸು ಹೊತ್ತವಳು

ಹುಬ್ಬಳ್ಳಿಯ ಔಷಧ ಕಂಪನಿಯೊಂದು ತನ್ನ ವ್ಯವಹಾರವನ್ನೆಲ್ಲ ಹೊಸ ಡೇಟಾಬೇಸಿಗೆ ಸಾಗಿಸುವ ದಿನ ಬಂತು. ಹಳೆಯದನ್ನು ನಿಲ್ಲಿಸಿ ಹೊಸದು ಏಳುವವರೆಗಿನ ಒಂದು ತಾಸು, ಅಷ್ಟೂ ಮಾಹಿತಿಯನ್ನು ಯಾರಾದರೂ ತಲೆಯಲ್ಲಿ ಹೊತ್ತಿರಬೇಕು. ಎಲ್ಲ ಕಡೆಯೂ ಪದ್ಧತಿ ಅದೇ. ಆ ಕೆಲಸಕ್ಕೆ ಬಂದ ಇಂದುಮತಿ ಚಹಾ ಕುಡಿದು, ಕಿವಿಯ ಹಿಂದೆ ತಂತಿ ಅಂಟಿಸಿಕೊಂಡು ಕುರ್ಚಿಗೆ ಒರಗಿದಳು.

"ಗಾಬರಿ ಆಗಬ್ಯಾಡ್ರಿ ಸರ್," ಎಂದು ಮ್ಯಾನೇಜರ್ ಪ್ರಭುಲಿಂಗನಿಗೆ ಹೇಳಿ ಕಣ್ಣು ಮುಚ್ಚಿದಳು. ಅವನಿಗೆ ಇದು ಮೊದಲ ಸಲ.

ಅಷ್ಟರಲ್ಲಿ ಕುಷ್ಟಗಿಯ ಆಸ್ಪತ್ರೆಯಿಂದ ಫೋನ್ ಬಂತು. ಹುಡುಗಿಯೊಬ್ಬಳಿಗೆ ಹಾವು ಕಚ್ಚಿತ್ತು, ಅಲ್ಲಿ ಔಷಧ ಮುಗಿದಿತ್ತು. ಪ್ರಭುಲಿಂಗನ ಎದುರಿನ ಪರದೆಗಳೆಲ್ಲ ಕಪ್ಪಾಗಿದ್ದವು. ಹೊತ್ತವರು ಮಾತಾಡಿದರೆ ತಲೆ ಸಿಡಿಯುವಷ್ಟು ನೋವಾಗುತ್ತದೆಂದು ಗೊತ್ತಿದ್ದೂ ಅವನು ಇಂದುಮತಿಯನ್ನೇ ಕೇಳಿದ.

"ಲಿಂಗಸೂಗೂರಿಗೆ ಹೊಂಟ ನಮ್ಮ ಗಾಡಿಯೊಳಗ ಐತ್ರಿ," ಎಂದಳು ಹಲ್ಲು ಕಚ್ಚಿ. "ಗಜೇಂದ್ರಗಡ ದಾಟೇತಿ, ಕುಷ್ಟಗಿ ಹತ್ರಾನ ಐತಿ. ಡ್ರೈವರ್ ನಂಬರ್ ಬರಕೋರಿ." ಒಂದೊಂದೇ ಅಂಕಿ ಹೇಳುವಾಗಲೂ ಅವಳ ಕಣ್ಣಂಚಿನಿಂದ ನೀರಿಳಿಯುತ್ತಿತ್ತು. ಆದರೂ ಒಂದೂ ತಪ್ಪಲಿಲ್ಲ.

ಪ್ರಭುಲಿಂಗ ಡ್ರೈವರಿಗೆ ಫೋನ್ ಮಾಡಿ ಗಾಡಿಯನ್ನು ಆಸ್ಪತ್ರೆಗೆ ಕಳಿಸಿದ. ಹೊಸ ವ್ಯವಸ್ಥೆ ಎದ್ದಿತು. ಸ್ವಲ್ಪ ಹೊತ್ತಿಗೆ ಕುಷ್ಟಗಿಯಿಂದ ಮತ್ತೆ ಫೋನ್ ಬಂದಾಗ, ಪ್ರಭುಲಿಂಗ ಮೆಟ್ಟಿಲಿಳಿಯುತ್ತಿದ್ದ ಇಂದುಮತಿಯ ಹಿಂದೆ ಓಡಿದ.

"ಅಕ್ಕಾರ, ಆ ಹುಡುಗಿ ಉಳದ್ಲು!"

"ಯಾವ ಹುಡುಗಿ ಸರ್?"

ಭಾರ ಇಳಿಸಿದ ಮೇಲೆ ಹೊತ್ತವರಿಗೆ ಆ ತಾಸಿನದೇನೂ ನೆನಪಿರುವುದಿಲ್ಲ. ಅವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಅವಳನ್ನೂ ಕೂರಿಸಿ, ಮೊದಲಿನಿಂದ ಎಲ್ಲ ಹೇಳಿದ. ಯಾರದೋ ಕತೆ ಎಂಬಂತೆ ಕೇಳಿದ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಭಾಳ ಗಟ್ಟಿ ಹೆಣ್ಣಮಗಳು ಬಿಡ್ರಿ ಆಕಿ," ಎಂದಳು.