ಅಡ್ಡತೊಲೆ

"ಇಲ್ಲೂ ಹಾಕಿದ್ದಾರೆ, ಹಾಳಾದವರು!"

ಗಾಸ್ತೋನ್ ವೆರ್ನೆ ಕೆಂಪು ಪೆನ್ಸಿಲನ್ನು ಎಷ್ಟು ಬಿಗಿಯಾಗಿ ಎಳೆದನೆಂದರೆ ನಕ್ಷೆಯಲ್ಲಿ ಸಮುದ್ರದ ದಡವೇ ಹರಿದುಹೋಯಿತು. ಮುರಿದ ಮೊನೆ ಹಾರಿ ಕಾಫಿಯ ಬಟ್ಟಲಿಗೆ ಬಿತ್ತು. ಅದನ್ನು ಬೆರಳಿನಿಂದ ತೆಗೆದು ಮತ್ತೆ ಬೈದ.

ತಮ್ಮ ಊರಾದ ಸೇಂತ್-ಎತಿಯೆನ್‌ನಿಂದ ದಕ್ಷಿಣಕ್ಕೆ ಇಳಿಯುವ ದಾರಿಯೇನೂ ಕಷ್ಟದ್ದಲ್ಲ. ರೋನ್ ನದಿಯ ಪಕ್ಕದಲ್ಲೇ ವಾಲಾಂಸ್, ಅವಿನ್ಯೋನ್, ಆರ್ಲ್. ಅಲ್ಲಿಯವರೆಗೆ ರಾತ್ರಿ ಎಲ್ಲಿ ನಿಲ್ಲಬೇಕು, ನೀರು ಎಲ್ಲಿ ತುಂಬಿಸಬೇಕು, ಎಲ್ಲ ತೀರ್ಮಾನವಾಗಿತ್ತು. ತೊಡಕೆಲ್ಲ ಸಮುದ್ರದ ಹತ್ತಿರ. ಕಡಲಿಗೆ ಮುಖ ಮಾಡಿದ, ಗಾಡಿ ನಿಲ್ಲಿಸುವ ಪ್ರತಿ ಬಯಲಿನ ಬಾಯಲ್ಲೂ ಎರಡು ಕಂಬ, ಮೇಲೊಂದು ಕಬ್ಬಿಣದ ಅಡ್ಡತೊಲೆ. ಕಾರು ಕೆಳಗೆ ನುಸುಳುತ್ತದೆ. ಒಳಗೇ ಉಂಡು ಮಲಗುವಂಥ ಎತ್ತರದ ಮನೆಗಾಡಿಯ ತಲೆ ಬಡಿಯುತ್ತದೆ.

ಅವರ ಮನೆಗಾಡಿ ಹಿತ್ತಲಿನಲ್ಲಿ, ಹಿಂದೆ ಲಾರಿಗಳು ಮಾಲು ತುಂಬಿಕೊಳ್ಳುತ್ತಿದ್ದ ಜಾಗದಲ್ಲಿ, ಮಿರಮಿರ ಮಿಂಚುತ್ತ ನಿಂತಿತ್ತು. ಕಸುಬಿಗೆ ಬಾಗಿಲು ಹಾಕಿ, ಕೂಡಿಟ್ಟದ್ದನ್ನೆಲ್ಲ ಸುರಿದು ಕೊಂಡ ಗಾಡಿ. ಹೆಂಡತಿ ಸೊಲಾಂಜ್‌ಗಾಗಿ. ಅವಳ ನೋಟ ನಡುವಿನಿಂದ ಮಸುಕಾಗುತ್ತ ಬಂದಿತ್ತು. ಚಳಿಗಾಲದ ಹೊತ್ತಿಗೆ ಏನೂ ಉಳಿಯಲಿಕ್ಕಿಲ್ಲ ಎಂದಿದ್ದರು ಡಾಕ್ಟರು. ಅವಳು ಕೇಳಿದ್ದು ಒಂದೇ: ಒಂದು ಬೆಳಿಗ್ಗೆ, ಹಾಸಿಗೆಯಿಂದ ಏಳುವ ಮೊದಲು, ಕಿಟಕಿಯ ತುಂಬ ಸಮುದ್ರ.

"ಬಿಡು, ಎಲೆಕೋಸೇ," ಎಂದಳು ಸೊಲಾಂಜ್. ಪ್ರೀತಿ ಬಂದಾಗ ಗಂಡನನ್ನು ಹಾಗೆ ಕರೆಯುತ್ತಿದ್ದಳು, ಸಿಟ್ಟು ಬಂದಾಗಲೂ. "ಕೂಗಿದರೆ ಕಬ್ಬಿಣ ಕರಗಲ್ಲ. ನಿನಗೆ ಗೊತ್ತಿಲ್ಲದ್ದಾ?"

"ಬಿಡಲ್ಲ! ನಾನೇನು ಕಳ್ಳನಾ? ತೆರಿಗೆ ಕಟ್ಟಿಲ್ವಾ? ಆ ಅಲೆಮಾರಿಗಳ ಗಾಡಿ ತಡೀಲಿ, ಬೇಡ ಅನ್ನಲ್ಲ. ನಾವು ಮರ್ಯಾದಸ್ಥರು. ನಮ್ಮನ್ಯಾಕೆ ತಡೀಬೇಕು?"

"ನಾವೂ ಗಾಡೀಲೇ ತಾನೇ ಮಲಗೋದು?"

ಅವನು ಮತ್ತೆ ನಕ್ಷೆಯ ಮೇಲೆ ಬಗ್ಗಿದ. ನಕ್ಷೆಯಲ್ಲಿ ಕೆಂಪು ಗೀರು ಬೀಳದ ಊರು ಒಂದೇ ಉಳಿದಿತ್ತು, ಪೋರ್-ವೆರ್ದಿಯೆ. ಅದರ ಮೇಲೆ ಬೆರಳೂರಿದ.

"ಇಲ್ಲಿ ಇರಲ್ಲ. ಅಲ್ಲಿನ ಮೇಯರ್ ಮುದುಕ ಮಹಾ ಮೊಂಡ. ತೊಲೆ ಮಾತೆತ್ತಿದವರನ್ನ ಬಾಗಿಲಿಂದಾಚೆ ದಬ್ಬುತ್ತಿದ್ದ."

"ಅಲ್ಲೂ ಇದೆ ಅಂತ ಕಾಣುತ್ತೆ," ಎಂದಳು ಸೊಲಾಂಜ್ ಮೆಲ್ಲಗೆ.

"ನಿನಗೆ ಹೇಗೆ ಗೊತ್ತು?"

ಅವಳು ಮೇಜಿನ ಮೇಲಿದ್ದ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಗುಡಿಸಿದಳು.

ಗಾಸ್ತೋನ್ ಮೊಬೈಲು ತೆಗೆದು ಆ ಊರಿನ ಮೇಯರ್ ಕಚೇರಿಗೆ ಕರೆ ಮಾಡಿದ. ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಬೇಗ ಹೇಳಿ ಮೆಸ್ಯೂ," ಎಂದಿತು ಒಂದು ಹೆಣ್ಣುದನಿ. "ಊಟಕ್ಕೆ ಮುಚ್ಚೋ ಹೊತ್ತು."

"ನಿಮ್ಮ ಕಡಲ ಬಯಲಿಗೆ ತೊಲೆ ಹಾಕಿದ್ದೀರಾ?"

"ಹಾಕಿದ್ದೀವಲ್ಲ. ಹಳೇ ಮೇಯರ್ ತೀರಿಕೊಂಡ್ರು. ಹೊಸಬರು ಬಂದ ವಾರವೇ ಫೋನ್ ಮಾಡಿ ತರಿಸಿದ್ರು. ಒಳ್ಳೇ ಗಟ್ಟಿ ಮಾಲು."

ಗಾಸ್ತೋನ್ ಸಿಡಿದ. ಊರನ್ನು ಬೈದ, ಹೊಸ ಮೇಯರನ್ನು ಬೈದ, ಅವರ ಸಮುದ್ರವನ್ನೂ ಬಿಡಲಿಲ್ಲ. ಕಣ್ಣು ಹೋಗುತ್ತಿರುವ ಹೆಂಗಸಿಗೆ ಕಬ್ಬಿಣ ಅಡ್ಡ ಹಿಡಿಯುತ್ತೀರಲ್ಲ, ಅಲೆಮಾರಿಗಳ ಜೊತೆ ಮರ್ಯಾದಸ್ಥರನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತೀರಲ್ಲ, ತೊಲೆ ಎಲ್ಲಿ ನೆಡಬೇಕೆಂಬ ಬುದ್ಧಿ ಬೇಡವೇ ನಿಮಗೆ ಎಂದು ಮೇಜು ಗುದ್ದಿದ. ಬಟ್ಟಲು ಉರುಳಿತು. ನಕ್ಷೆಯ ಮೇಲೆ ಕಾಫಿ ಹರಿಯಿತು.

"ಮುಗೀತಾ?" ಎಂದಳು ಕಚೇರಿಯವಳು. "ತೊಲೆಗೆ ಮರ್ಯಾದಸ್ಥ ಯಾರು, ಅಲೆಮಾರಿ ಯಾರು ಅಂತ ಗೊತ್ತಾಗಲ್ಲ ಮೆಸ್ಯೂ. ಎತ್ತರ ಅಷ್ಟೇ ಗೊತ್ತಾಗೋದು. ತಮ್ಮ ಹೆಸರು?"

"ಹೆಸರು ಕಟ್ಕೊಂಡು ಏನು ಮಾಡ್ತೀರಿ?"

ಸೊಲಾಂಜ್ ಕೈಯಾಡಿಸಿ ಮೊಬೈಲನ್ನು ಹುಡುಕಿ ತನ್ನ ಕಡೆಗೆ ಎಳೆದುಕೊಂಡಳು.

"ಮದಾಮ್, ಅವನ ಮಾತು ಬಿಡಿ. ಒಂದು ಬೆಳಿಗ್ಗೆ ಮಟ್ಟಿಗೆ ತೆಗೆಸೋಕೆ ಆಗಲ್ವಾ? ಕಣ್ಣು ಹೋಗ್ತಿರೋದು ನನಗೇ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ದನಿ ಮೆತ್ತಗಾಯಿತು.

"ಮೇಯರ್ ಬೇಡ ಅನ್ನೋರಲ್ಲ ಮದಾಮ್. ನನ್ನ ಕೈಲಿದ್ದರೆ ನಾನೇ ತೆಗೀತಿದ್ದೆ. ಆದ್ರೆ ಅದಕ್ಕೆ ಬೀಗವೇ ಇಲ್ಲ. ಬೀಗ ಇಟ್ಟುಕೊಡಿ ಅಂತ ಕೇಳಿದ್ರೆ, 'ಒಬ್ಬರಿಗೆ ತೆಗೆದ್ರೆ ಎಲ್ಲರಿಗೂ ತೆಗೀಬೇಕಾಗುತ್ತೆ, ನಮ್ಮ ಯಜಮಾನರ ನಿಯಮ' ಅಂದ್ರಂತೆ ತೊಲೆ ಮಾಡೋರು. ಆ ಬೋಲ್ಟು ಬಿಚ್ಚೋ ಪಾನಾ ಕೂಡ ಅವರ ಹತ್ರ ಮಾತ್ರ ಇರೋದು."

ಗಾಸ್ತೋನ್‌ನ ಮುಖದ ಕೆಂಪು ಇಳಿಯಿತು. "ಹೋಗಲಿ ಬಿಡಿ," ಎಂದ. "ಊಟಕ್ಕೆ ಹೊರಡಿ ನೀವು. ಸೊಲಾಂಜ್, ಇಡು ಅದನ್ನ."

ಸೊಲಾಂಜ್ ಇಡಲಿಲ್ಲ.

"ಊಟ ಎಲ್ಲಿಗೆ ಓಡಿಹೋಗುತ್ತೆ?" ಎಂದಳು ಕಚೇರಿಯವಳು. "ಇರಿ, ಇನ್ನೊಂದು ಫೋನಿಂದ ಆ ತೊಲೆಯವರಿಗೇ ಮಾಡ್ತೀನಿ. ಎರಡು ಫೋನನ್ನೂ ಹತ್ತಿರ ಹಿಡೀತೀನಿ. ನನಗೆ ಬೈದ ಹಾಗೇ ಆ ಯಜಮಾನನಿಗೂ ಬೈದುಬಿಡಿ ಮೆಸ್ಯೂ, ನೋಡೋಣ!"

"ಬೇಡ ಅಂದೆನಲ್ಲ!"

ಆ ಕಡೆ ಅಂಕಿಗಳನ್ನು ಒತ್ತುವ ಸದ್ದು. ಸೊಲಾಂಜ್ ಮೇಜು ಹಿಡಿದು ಎದ್ದಳು. ಗೋಡೆ ಸವರುತ್ತ ನಡುಮನೆಗೆ ನಡೆದಳು. ಗಾಸ್ತೋನ್ ಕೂತಲ್ಲೇ ಕೂತಿದ್ದ.

ನಡುಮನೆಯ ಫೋನು ಬಡಿದುಕೊಂಡಿತು. ಅವಳು ಎತ್ತಿ, ವರ್ಷಗಟ್ಟಲೆ ಹೇಳಿ ನಾಲಿಗೆಗೆ ಅಂಟಿದ್ದ ಮಾತನ್ನೇ ಹೇಳಿದಳು: "ವೆರ್ನೆ ಅಡ್ಡತೊಲೆ ಕಂಪನಿ. ನಮಸ್ಕಾರ, ಹೇಳಿ."