ಚೆಂಡಿನ ಮುಂದೆ ನಿಂತವಳು

"ಏಯ್, ನಿಲ್ಲು! ಇದು ನಿಮ್ಮಂಥೋರು ಕಾಲಿಡೋ ಜಾಗ ಅಲ್ಲ. ಪೊಲೀಸರಿಗೆ ಫೋನ್ ಮಾಡಿದೀನಿ, ಇನ್ನೇನು ಬಂದು ನಿಮ್ಮಿಬ್ಬರನ್ನೂ—"

ಒಡೆಸ್ಸಾ ಟಿಲ್‌ಮನ್ ಚೆಂಡಿನ ಮುಂದೆ ಕಾಲು ಹೊಂದಿಸಿ ತಲೆ ತಗ್ಗಿಸಿದಳು. ಮೈದಾನದ ಮ್ಯಾನೇಜರ್ ಹ್ಯಾಸ್ಕೆಟ್‌ನ ಮಾತು ಅರ್ಧಕ್ಕೇ ನಿಂತಿತು. ಹೆದರಿಕೆಯಿಂದಲ್ಲ. ಅವನು ಗಾಲ್ಫ್ ಆಡುತ್ತಲೇ ಬೆಳೆದವನು. ಒಬ್ಬರು ಹೊಡೆಯಲು ನಿಂತರೆ ಉಳಿದವರು ತುಟಿ ಬಿಚ್ಚಬಾರದೆಂಬುದು ಅವನ ಮೂಳೆಗೇ ಇಳಿದುಹೋಗಿತ್ತು. ಅವಳು ಕೋಲು ಬೀಸಿದಳು. ಚೆಂಡು ತಗ್ಗಾಗಿ ಹಾರಿ, ಹುಲ್ಲಿನ ಮೇಲೆ ಪುಟಿದು ಉರುಳಿತು. ಅದು ನಿಂತ ಮೇಲೆ ಹ್ಯಾಸ್ಕೆಟ್‌ನ ಬಾಯಿ ಮತ್ತೆ ತೆರೆಯಿತು.

"—ಎಳ್ಕೊಂಡು ಹೋಗಿ ಒಳಗೆ ಹಾಕ್ತಾರೆ!"

"ನೋಡಿದ್ಯೇನೇ?" ಕೋಲುಗಳ ಚೀಲ ಹೆಗಲಿಗೇರಿಸುತ್ತ ಗೆಳತಿ ವರ್ಲೀನ್ ಪಿಸುಗುಟ್ಟಿದಳು. "ನಲ್ಲಿ ತಿರುಗಿಸಿದ ಹಾಗೆ ಬಂದ್ ಆಯ್ತಲ್ಲೇ. ನನ್ನ ಗಂಡನಿಗೂ ಗಾಲ್ಫ್ ಕಲಿಸಬೇಕು ಕಣೇ."

ಅಮೆರಿಕದ ಜಾರ್ಜಿಯಾ ರಾಜ್ಯದ ಆ ಊರಿನ ಗಾಲ್ಫ್ ಮೈದಾನ ನಗರಸಭೆಯದು. ಹಾಗೆಂದು ಬಾಗಿಲ ಹಲಗೆಯ ಮೇಲೆ ಬರೆದಿತ್ತು. ಅದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಬಿಳಿಯರಿಗೆ ಮಾತ್ರ ಎಂದೂ ಇತ್ತು. ಆ ಶನಿವಾರ ಕರಿಯರ ಶಾಲೆಯ ಟೀಚರ್ ಒಡೆಸ್ಸಾ ಮತ್ತು ಕೂದಲು ಕತ್ತರಿಸುವ ಅಂಗಡಿಯ ವರ್ಲೀನ್ ಆ ಹಲಗೆಯ ಮೊದಲ ಸಾಲನ್ನಷ್ಟೇ ಓದಿ ಒಳಗೆ ಬಂದಿದ್ದರು.

"ನಿಮಗೂ ಒಂದು ಮೈದಾನ ಮಾಡಿಕೊಟ್ಟಿದೆಯಲ್ಲ?" ಹ್ಯಾಸ್ಕೆಟ್ ಅವರ ಬೆನ್ನ ಹಿಂದೆಯೇ ದಾಪುಗಾಲು ಹಾಕುತ್ತ ಕೂಗಿದ.

"ಇದೆ ಸ್ವಾಮಿ, ಕಸದ ಗುಡ್ಡೆ ಪಕ್ಕ," ವರ್ಲೀನ್ ತಿರುಗದೇ ಹೇಳಿದಳು. "ಹುಲ್ಲಿಲ್ಲ, ಧೂಳೇಳದ ಹಾಗೆ ಎಣ್ಣೆ ಹಾಕಿದ ಮರಳು. ನಿಮ್ಮನೆ ಕಸ ಸುಡೋ ಹೊಗೇಲೇ ಆಡ್ತೀವಿ. ಒಂದಿನ ನೀವೂ ಬನ್ನಿ. ನಾವು ಯಾರಿಗೂ ಫೋನ್ ಮಾಡಲ್ಲ."

ಎರಡನೆಯ ಕುಳಿ ಮುಗಿಯಿತು, ಮೂರನೆಯದು, ನಾಲ್ಕನೆಯದು. ಪೊಲೀಸರು ಬೇರೆಲ್ಲೋ ಸಿಕ್ಕಿಕೊಂಡಿದ್ದರು. ಹ್ಯಾಸ್ಕೆಟ್ ಬೈಯುವುದು, ಒಡೆಸ್ಸಾ ಚೆಂಡಿನ ಮುಂದೆ ನಿಲ್ಲುವುದು, ಅವನು ಬಾಯಿ ಮುಚ್ಚುವುದು. ತನ್ನ ಬಾಯಿಯ ಮೇಲೆ ಅವನಿಗೇ ಸಿಟ್ಟು ಬಂದಂತಿತ್ತು. ಕೊನೆಗೆ ದನಿ ತಗ್ಗಿಸಿದ.

"ನೋಡು, ಸ್ಕೂಲ್ ಬೋರ್ಡಿನ ಅಧ್ಯಕ್ಷ ನನ್ನ ಜೊತೆ ಆಡೋನು. ಸೋಮವಾರ ನಿನ್ನ ಕೆಲಸ ಇರಲ್ಲ."

ಒಡೆಸ್ಸಾ ಅಂಜಿದ್ದೂ ಇದಕ್ಕೇ. ಹಿಂದಿನ ರಾತ್ರಿಯೆಲ್ಲ ಅದನ್ನೇ ನೆನೆದು ಮಲಗಿರಲಿಲ್ಲ. ಆದರೂ ಇವನ ಬಾಯಿಂದ ಕೇಳುವುದು ಬೇರೆ.

"ಹಾಗಿದ್ರೆ ಇವತ್ತು ಬೇಗ ಮನೆಗೆ ಹೋಗಿ ಏನು ಮಾಡ್ಲಿ?" ಎಂದಳು. "ನನಗೆ ಈ ಐದನೇದು ಬೇಕು. ಚೆಂಡು ಕುಳಿಗೆ ಬಿದ್ದ ಮೇಲೆ ನೀವೇ ಕೋಳ ಹಾಕಿ, ಕೈ ಚಾಚ್ತೀನಿ."

ಐದನೆಯದನ್ನು ಅವಳು ಶಾಲೆಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಿಂದ ವರ್ಷಗಟ್ಟಲೆ ನೋಡಿದ್ದಳು. ಹಳ್ಳವೊಂದು ಓರೆಯಾಗಿ ಹರಿಯುತ್ತಿತ್ತು. ಎಡಕ್ಕೆ ಹೊಡೆದರೆ ಬಯಲೋ ಬಯಲು, ಭಯವಿಲ್ಲ. ಆದರೆ ಅಲ್ಲಿಂದ ಮುಂದೆ ಒಂದು ದಿಬ್ಬ ಅಡ್ಡ ನಿಂತು ಕುಳಿಯಲ್ಲಿ ನೆಟ್ಟ ಬಾವುಟವನ್ನೇ ನುಂಗಿಬಿಡುತ್ತಿತ್ತು. ಹಳ್ಳದ ಅಂಚಿಗೇ ಹೊಡೆದವರಿಗೆ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲುಹಾಸು, ಗ್ರೀನ್, ಅಂಗೈಯಂತೆ ತೆರೆದುಕೊಳ್ಳುತ್ತಿತ್ತು. ಇದನ್ನು ರೂಪಿಸಿದವನು ಯಾರೋ, ತೋಳಿನ ಬಲವನ್ನು ಅಷ್ಟಾಗಿ ಕೇಳಿರಲಿಲ್ಲ. ಹಳ್ಳಕ್ಕೆ ಎಷ್ಟು ಹತ್ತಿರ ಬರ್ತೀಯಾ ಎಂದಷ್ಟೇ ಕೇಳಿದ್ದ.

ಅವಳು ಹಳ್ಳದ ಕಡೆ ಮುಖಮಾಡಿದ್ದು ಕಂಡು ಹ್ಯಾಸ್ಕೆಟ್‌ಗೆ ತಡೆಯಲಾಗಲಿಲ್ಲ. "ಎಡಕ್ಕೆ ಹೊಡಿ, ಎಡಕ್ಕೆ..." ಎಂದವನು ನಾಲಿಗೆ ಕಚ್ಚಿಕೊಂಡ.

"ಎಡಕ್ಕೆ ಹೋದೋರು ಯಾರೂ ನಗ್ತಾ ವಾಪಸ್ ಬಂದಿದ್ದು ನೋಡಿಲ್ಲ," ಎಂದು ಒಡೆಸ್ಸಾ ಕೋಲು ಬೀಸಿದಳು. ಚೆಂಡು ಹಳ್ಳದ ದಡದ ಜೊಂಡನ್ನು ಸವರಿ, ಈಚೆಗೇ ಉಳಿಯಿತು. ವರ್ಲೀನ್ ಕೂಗಿಯೇಬಿಟ್ಟಳು. ಅಲ್ಲಿಂದ ಎರಡನೆಯ ಹೊಡೆತ ಗ್ರೀನಿಗೆ ಬಂತು. ಕುಳಿಗೆ ಇನ್ನು ನಾಲ್ಕೈದು ಹೆಜ್ಜೆ. ಕಾಲಡಿ ಹುಲ್ಲು ಮಗುವಿನ ತಲೆಗೂದಲಷ್ಟು ಮೆತ್ತಗಿತ್ತು. ಹುಲ್ಲಿನ ಮೇಲೆ ಚೆಂಡು ಎಷ್ಟು ಓಡುತ್ತದೆಂಬುದು ಕೈಗೆ ಈಗೀಗ ತಿಳಿಯತೊಡಗಿತ್ತು.

ರಸ್ತೆಯಲ್ಲಿ ಕಾರು ಕಿರುಚಿ ನಿಂತಿತು. ಬೇಲಿ ಹಾರಿದ ಪೊಲೀಸಿನವನು ಬೆಲ್ಟು ಝಣಗುಟ್ಟಿಸುತ್ತ ಓಡಿ ಬಂದ. "ಏಯ್! ಕೋಲು ಕೆಳಗಿಡು! ಕೈ ಮೇಲೆ—"

ಒಡೆಸ್ಸಾ ಕಾಲು ಹೊಂದಿಸಿ ಚೆಂಡಿನ ಮೇಲೆ ಬಾಗಿದಳು.

"ಶ್ಶ್!" ಎಂದ ಹ್ಯಾಸ್ಕೆಟ್. ಅವನ ಕೈ ತಾನಾಗಿಯೇ ಮೇಲೆದ್ದು ಪೊಲೀಸಿನವನ ಎದೆಗೆ ಅಡ್ಡ ಬಂದಿತ್ತು.

"ಏನ್ಸಾರ್?"

"ಹೊಡೀತಿದಾಳೆ ಕಣಯ್ಯಾ!" ಹ್ಯಾಸ್ಕೆಟ್ ಹಲ್ಲು ಕಚ್ಚಿ ಪಿಸುಗುಟ್ಟಿದ. ಆಮೇಲೆ ತಾನು ಹೇಳಿದ್ದೇನೆಂದು ಹೊಳೆದು ಅವನ ಕುತ್ತಿಗೆ, ಕಿವಿ, ಹಣೆ ಕೆಂಪೇರುತ್ತ ಹೋದವು. ಆದರೂ ಬಾಯಿ ತೆರೆಯಲಿಲ್ಲ. ಅವಳಿನ್ನೂ ಬಾಗಿಯೇ ಇದ್ದಳು. ವರ್ಲೀನ್ ಬಾವುಟ ಕಿತ್ತು ಎದೆಗೊತ್ತಿಕೊಂಡು, ನಗು ಉಕ್ಕದಂತೆ ಆಕಾಶ ನೋಡುತ್ತಿದ್ದಳು. ಪೊಲೀಸಿನವನು ಯಾಕೆಂದು ತಿಳಿಯದೆಯೇ ಟೋಪಿ ತೆಗೆದ.

ತಾನಿರುವಾಗ ಇಬ್ಬರು ಬಿಳಿಯರು ಇಷ್ಟು ಹೊತ್ತು ಸುಮ್ಮನಿದ್ದುದನ್ನು ಒಡೆಸ್ಸಾ ಆ ಊರಲ್ಲಿ ಕಂಡಿರಲಿಲ್ಲ. ಅವಳು ಅವಸರವಿಲ್ಲದೆ ಕೋಲನ್ನು ಚೆಂಡಿನ ಹಿಂದೆ ಇಟ್ಟಳು. ಹೊಡೆಯದೆಯೇ ಎತ್ತಿದಳು. ಕುಳಿಯನ್ನೊಮ್ಮೆ ನೋಡಿ, ಬೆರಳುಗಳನ್ನು ಒಂದೊಂದಾಗಿ ಸರಿಪಡಿಸಿಕೊಂಡು, ಮತ್ತೆ ಇಟ್ಟಳು.